ಮೀಟರ್ ತಿರುಗಿಸಿದ ಕಾರು: ದುಡ್ಡು ವಾಪಸ್ ಸಿಗುತ್ತಾ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ನಾನು ಗುಬ್ಬಿಯ ಹೈಸ್ಕೂಲ್ ಮೇಷ್ಟ್ರು. ತುಮಕೂರಿನ ಸೆಕೆಂಡ್ ಹ್ಯಾಂಡ್ ಕಾರ್ ಡೀಲರ್ ಒಬ್ಬರ ಹತ್ತಿರ 2016ರ ಮಾಡೆಲ್ ಡೀಸೆಲ್ ಕಾರು ತಗೊಂಡೆ. ಬೆಲೆ 3.85 ಲಕ್ಷ. ಅದರಲ್ಲಿ 2.5 ಲಕ್ಷ ಬ್ಯಾಂಕ್ ಸಾಲ, ಸೀದಾ ಡೀಲರ್ ಖಾತೆಗೆ ಹೋಯಿತು. ಉಳಿದ 1.35 ಲಕ್ಷ ಕ್ಯಾಶ್ ಕೊಟ್ಟೆ, ಅದಕ್ಕೆ ರಸೀದಿ ಕೊಡಲಿಲ್ಲ. ಆರ್‌ಸಿ ನನ್ನ ಹೆಸರಿಗೆ ಆಗಿದೆ. ಮೀಟರ್‌ನಲ್ಲಿ 62 ಸಾವಿರ ಕಿ.ಮೀ. ಇತ್ತು. ವಾಟ್ಸಾಪ್‌ನಲ್ಲೂ ‘62 ಸಾವಿರ, ಒರಿಜಿನಲ್, ಸಿಂಗಲ್ ಓನರ್’ ಅಂತ ಕಳಿಸಿದ್ದರು. ಎರಡನೇ ವಾರದಲ್ಲೇ ದೇವರಾಯನದುರ್ಗದ ಏರಿನಲ್ಲಿ ಹೀಟ್ ಆಗಿ ನಿಂತಿತು. ಹೆಡ್ ಗ್ಯಾಸ್ಕೆಟ್ (ಇಂಜಿನ್ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಪದರ) ಹೋಗಿದೆ, ಅರವತ್ತು ಎಪ್ಪತ್ತು ಸಾವಿರ ಬೇಕು ಅಂದರು ಕಂಪನಿ ಸರ್ವಿಸ್ ಸೆಂಟರ್‌ನವರು. ಅಲ್ಲೇ ಕಂಪ್ಯೂಟರ್ ನೋಡಿದ ಹುಡುಗ ಇನ್ನೊಂದು ಮಾತು ಹೇಳಿದ: 2022ರಲ್ಲೇ ಈ ಗಾಡಿ 1,18,000 ಕಿ.ಮೀ. ಓಡಿತ್ತಂತೆ! ಡೀಲರ್ ಮಾತ್ರ ‘ಹಳೇ ಗಾಡಿ ಸಾರ್, ಗ್ಯಾರಂಟಿ ಇರಲ್ಲ. ಇದ್ದ ಸ್ಥಿತಿಯಲ್ಲೇ ತಗೊಂಡಿದೀನಿ ಅಂತ ಡೆಲಿವರಿ ನೋಟ್‌ಗೆ ಸೈನ್ ಹಾಕಿದೀರಲ್ಲ. ನಾನು ಬರೀ ಕಮಿಷನ್ ಏಜೆಂಟ್’ ಅನ್ನುತ್ತಾರೆ. ಗಾಡಿ ಅವರ ಶೆಡ್‌ನಲ್ಲೇ ಬಿಟ್ಟು ಬರಲಾ? ಇಎಂಐ ಕಟ್ಟೋದು ನಿಲ್ಲಿಸಲಾ?

ಉತ್ತರ: ಮೇಷ್ಟ್ರೇ, ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಎರಡೂ ಬೇಡ.

ಸಾಲ ಕೊಟ್ಟ ಬ್ಯಾಂಕಿಗೂ ಡೀಲರ್ ಜೊತೆಗಿನ ನಿಮ್ಮ ಜಗಳಕ್ಕೂ ಸಂಬಂಧ ಇಲ್ಲ. ಇಎಂಐ ತಪ್ಪಿದರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರ್, ಡೀಲರ್‌ದಲ್ಲ. ಗಾಡಿ ಬಿಟ್ಟು ಬರುವುದು ಇನ್ನೂ ಅಪಾಯ. ಆರ್‌ಸಿ ನಿಮ್ಮ ಹೆಸರಿನಲ್ಲಿದೆ. ಶೆಡ್‌ನ ಹುಡುಗರು ಯಾರೋ ಅದನ್ನು ತಗೊಂಡು ಹೋಗಿ ಬಿ.ಎಚ್. ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ, ಪರಿಹಾರದ ಕೇಸು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ನಿಮ್ಮ ಮನೆ ಮುಂದೆಯೋ ಸರ್ವಿಸ್ ಸೆಂಟರ್‌ನಲ್ಲೋ ಇರಲಿ. ಓಡಿಸಬೇಡಿ, ಅಷ್ಟೇ. ಬಿಚ್ಚಿಸಲೂ ಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ನಿಮ್ಮ ಪತ್ರದಲ್ಲಿ ಎರಡು ದೂರು ಇವೆ. ಒಂದು, ಇಂಜಿನ್ ಕೆಟ್ಟಿದೆ. ಇನ್ನೊಂದು, ಮೀಟರ್ ವಿಷಯದಲ್ಲಿ ಸುಳ್ಳು ಹೇಳಿದ್ದಾರೆ. ನೀವು ಮೊದಲನೆಯದನ್ನು ದೊಡ್ಡದು ಮಾಡಿ ಬರೆದಿದ್ದೀರಿ. ನಾನಾಗಿದ್ದರೆ ಎರಡನೆಯದನ್ನು ಮುಂದೆ ಇಡುತ್ತಿದ್ದೆ.

2016ರ ಡೀಸೆಲ್ ಗಾಡಿಯ ಗ್ಯಾಸ್ಕೆಟ್ ಹೋಗುವುದು ಆಶ್ಚರ್ಯ ಅಲ್ಲ. ಡೀಲರ್ ಕಡೆಯ ವಕೀಲರು ಎದ್ದು ನಿಂತು ಮೊದಲು ಹೇಳುವುದೇ ಅದನ್ನು: ಹಳೇ ಗಾಡಿ, ಓಡಿಸಿ ನೋಡಿಯೇ ತಗೊಂಡಿದ್ದಾರೆ, ಆಮೇಲೆ ನೀರು ನೋಡದೆ ಓಡಿಸಿದ್ದಾರೆ. ಇದಕ್ಕೆ ಎದುರು ವಾದ ಇದೆ, ಆದರೆ ಅದು ಸುಲಭದ್ದಲ್ಲ. ಮೀಟರ್ ವಿಷಯ ಹಾಗಲ್ಲ. 1,18,000 ಓಡಿದ ಗಾಡಿ ತಾನಾಗಿ 62,000ಕ್ಕೆ ಇಳಿಯುವುದಿಲ್ಲ ಅಲ್ವಾ? ‘ಇದ್ದ ಸ್ಥಿತಿಯಲ್ಲೇ’ ಅಂತ ನೀವು ಹಾಕಿದ ಸೈನ್ ಸವೆತಕ್ಕೆ, ಗೀರಿಗೆ, ಹಳೇ ಟೈರಿಗೆ ಅನ್ವಯ ಆಗಬಹುದು. ಸುಳ್ಳು ಹೇಳಿ ಪಡೆದ ಒಪ್ಪಿಗೆಗೆ ಅದು ರಕ್ಷಣೆ ಕೊಡುವುದಿಲ್ಲ. ಕರಾರು ಕಾಯ್ದೆಯ ಪ್ರಕಾರ ಮೋಸದಿಂದ ಪಡೆದ ಒಪ್ಪಿಗೆಯನ್ನು ಮೋಸಹೋದವರು ರದ್ದು ಮಾಡಬಹುದು. ವಸ್ತುವಿನ ಗುಣದ ಬಗ್ಗೆ ಸುಳ್ಳು ಹೇಳಿ ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಡೀಲರ್ ಬಾಯಿ ಮುಚ್ಚಿಕೊಂಡು ಮಾರಿದ್ದರೆ ನಿಮಗೆ ಕಷ್ಟ ಆಗುತ್ತಿತ್ತು. ‘ಒರಿಜಿನಲ್’ ಅಂತ ಬರೆದು ಕಳಿಸಿದ್ದಾರಲ್ಲ, ಅದೇ ನಿಮ್ಮ ಪುಣ್ಯ. ಆ ಮೆಸೇಜ್ ಇರುವ ಫೋನ್ ಬದಲಾಯಿಸಬೇಡಿ, ಚಾಟ್ ಅಳಿಸಬೇಡಿ. ಪ್ರಿಂಟ್ ಹಾಕುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಡಿಜಿಟಲ್ ದಾಖಲೆಗೆ ಕೇಳುವ ಪ್ರಮಾಣಪತ್ರವನ್ನೂ ಜೊತೆಗೆ ಕೊಡಬೇಕು.

ಸರ್ವಿಸ್ ಸೆಂಟರ್ ಹುಡುಗ ಬಾಯಲ್ಲಿ ಹೇಳಿದ್ದು ಸಾಲದು. ಆರ್‌ಸಿ ಮಾಲೀಕರು ನೀವೇ. ಒಂದು ಅರ್ಜಿ ಬರೆದು ಗಾಡಿಯ ಪೂರ್ತಿ ಸರ್ವಿಸ್ ಹಿಸ್ಟರಿ ಪ್ರಿಂಟ್ ಕೇಳಿ, ಸೀಲು ಸಹಿ ಹಾಕಿಸಿ. ಇನ್ನೊಬ್ಬ ಸಾಕ್ಷಿ ಇದ್ದಾರೆ, ಅವರನ್ನು ಜನ ಮರೆತೇಬಿಡುತ್ತಾರೆ. ಅವರೇ ಹಳೇ ಮಾಲೀಕರು. ವರ್ಗಾವಣೆಯ ಫಾರಂ 29, 30ರಲ್ಲಿ ಅವರ ಹೆಸರು ಇರುತ್ತದೆ. ಫೋನ್ ಮಾಡಿ, ಜಗಳದ ದನಿಯಲ್ಲಿ ಬೇಡ, ‘ಸಾರ್, ನೀವು ಕೊಟ್ಟಾಗ ಎಷ್ಟು ಓಡಿತ್ತು?’ ಅಂತ ಕೇಳಿ. ಹೆಚ್ಚಿನವರು ಇದ್ದದ್ದು ಇದ್ದ ಹಾಗೇ ಹೇಳುತ್ತಾರೆ. ಅವರಿಗೂ ದುಡ್ಡು ಸಿಕ್ಕಿರುವುದು ಜಾಸ್ತಿ ಓಡಿದ ಗಾಡಿಯ ರೇಟಿನಲ್ಲೇ.

ನಮ್ಮಪ್ಪ ಗುಬ್ಬಿ ಗೇಟ್ ಹತ್ತಿರ ಗ್ಯಾರೇಜ್ ಇಟ್ಟಿದ್ದರು. ಕಾಲೇಜು ರಜೆಯಲ್ಲಿ ನಾನೂ ಅಲ್ಲೇ ಸ್ಪಾನರ್ ಎತ್ತಿಕೊಟ್ಟವನು. ಅವರು ಮೀಟರ್ ಕಡೆ ನೋಡುತ್ತಲೇ ಇರಲಿಲ್ಲ. ಬಾಗಿಲು ತೆಗೆದು ಬಗ್ಗಿ ಕ್ಲಚ್ ಪೆಡಲ್ ರಬ್ಬರ್ ನೋಡುತ್ತಿದ್ದರು. ಅರವತ್ತು ಸಾವಿರದ ಗಾಡಿಯಲ್ಲಿ ರಬ್ಬರ್ ಗೀಟುಗಳು ಇನ್ನೂ ಕಾಣುತ್ತವೆ. ಲಕ್ಷ ದಾಟಿದ್ದರಲ್ಲಿ ಎಡಗಾಲು ಊರುವ ಮೂಲೆ ನುಣ್ಣಗೆ ಸವೆದು ಹೋಗಿರುತ್ತದೆ. ಹಳೇ ಗಾಡಿಗೆ ಹೊಚ್ಚ ಹೊಸ ರಬ್ಬರ್ ಹಾಕಿದ್ದರೆ ಅವರಿಗೆ ಇನ್ನೂ ಜಾಸ್ತಿ ಅನುಮಾನ. ನಿಮ್ಮ ಗಾಡಿಯ ಪೆಡಲ್, ಸ್ಟೇರಿಂಗ್, ಡ್ರೈವರ್ ಸೀಟಿನ ಅಂಚು, ಮೂರರ ಫೋಟೊ ಇವತ್ತೇ ತೆಗೆಯಿರಿ. ಇಂಜಿನ್ ಆಯಿಲ್ ಮುಚ್ಚಳ ತಿರುಗಿಸಿ ಅದರ ಒಳಮೈಯದ್ದೂ ತೆಗೆಯಿರಿ. ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿದ್ದರೆ ಅಲ್ಲಿ ಹಾಲು ಜಾಸ್ತಿಯಾದ ಟೀ ಥರ ಜಿಡ್ಡು ಅಂಟಿರುತ್ತದೆ.

ಬಿಚ್ಚಿಸಬೇಡಿ ಅಂದಿದ್ದು ಇದಕ್ಕೇ. ರಿಪೇರಿ ಆಗಿಬಿಟ್ಟರೆ ಸಾಕ್ಷಿಯೂ ಹೋದ ಹಾಗೆ. ಪರೀಕ್ಷೆ ಮಾಡದೆ ಹೇಳಲಾಗದ ದೋಷವಾದರೆ ಗ್ರಾಹಕ ಆಯೋಗ ಪರಿಣತರ ವರದಿ ತರಿಸಬಹುದು. ಅಲ್ಲಿಯವರೆಗೆ ಗಾಡಿ ಹಾಗೇ ಇರಬೇಕು. ಸರ್ವಿಸ್ ಸೆಂಟರ್‌ನಿಂದ ಈಗಲೇ ಜಾಬ್ ಕಾರ್ಡ್ ಮತ್ತು ಎಸ್ಟಿಮೇಟ್ ಬರಹದಲ್ಲಿ ತಗೊಳ್ಳಿ. ಗಾಡಿ ಒಳಗೆ ಬಂದ ದಿನಾಂಕ, ಆ ದಿನದ ಮೀಟರ್ ರೀಡಿಂಗ್, ಏನು ಕೆಟ್ಟಿದೆ, ಎಲ್ಲ ಅದರಲ್ಲಿ ಇರಲಿ.

‘ನಾನು ಬರೀ ಏಜೆಂಟ್’ ಅನ್ನುವುದು ಹಳೇ ರಾಗ. ಬ್ಯಾಂಕಿನ 2.5 ಲಕ್ಷ ಯಾರ ಖಾತೆಗೆ ಹೋಗಿದೆ? ಡೀಲರ್ ಖಾತೆಗೆ. ಡೆಲಿವರಿ ನೋಟ್ ಯಾರ ಲೆಟರ್‌ಹೆಡ್‌ನಲ್ಲಿದೆ ನೋಡಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೊಸ ನಿಯಮ ಬಂದಿದೆ. ಅವರು ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು, ಅದು ಫಾರಂ 29ಬಿ. ಗಾಡಿ ಮಾಲೀಕರಿಂದ ಡೀಲರ್ ಕೈಗೆ ಬಂದಾಗ ಫಾರಂ 29ಸಿಯಲ್ಲಿ ತಿಳಿಸಬೇಕು. ಆಮೇಲೆ ಆ ಗಾಡಿಗೆ ಡೀಲರೇ ಮಾಲೀಕರ ಜಾಗದಲ್ಲಿ ಇರುತ್ತಾರೆ. ನೋಟಿಸಿನಲ್ಲಿ ಈ ಎರಡು ಫಾರಂನ ಪ್ರತಿ ಕೇಳಿ. ಇದ್ದರೆ ಏಜೆಂಟ್ ಕಥೆ ಮುಗಿಯಿತು. ಇಲ್ಲದಿದ್ದರೆ ನಿಯಮ ಪಾಲಿಸದೆ ವ್ಯಾಪಾರ ಮಾಡಿದ್ದು ಯಾಕೆ ಅನ್ನುವ ಪ್ರಶ್ನೆಗೆ ಅವರು ಉತ್ತರ ಹುಡುಕಬೇಕಾಗುತ್ತದೆ.

ಕ್ಯಾಶ್ ಕೊಟ್ಟ 1.35 ಲಕ್ಷವೇ ನನಗೆ ಚಿಂತೆ. ಬ್ಯಾಂಕಿನಿಂದ ಹಣ ತೆಗೆದ ಎಂಟ್ರಿ ಪಾಸ್‌ಬುಕ್‌ನಲ್ಲಿ ಇದೆಯಾ? ಒಟ್ಟು ಬೆಲೆ ವಾಟ್ಸಾಪ್‌ನಲ್ಲಿ ಎಲ್ಲಾದರೂ ಬಂದಿದೆಯಾ? ಸಾಲದ ಅರ್ಜಿಯಲ್ಲಿ ಗಾಡಿ ಬೆಲೆ ಎಷ್ಟು ತೋರಿಸಿದ್ದಾರೆ? ಈ ಮೂರರಲ್ಲಿ ಒಂದು ಸಿಕ್ಕರೂ ದಾರಿ ಇದೆ. ಏನೂ ಸಿಗದಿದ್ದರೆ, ಲೀಗಲ್ ನೋಟಿಸ್‌ಗೆ ಮುಂಚೆ, ‘ಕೊಟ್ಟ 3.85 ಲಕ್ಷದ ವಿಚಾರ ಏನು ಮಾಡ್ತೀರಿ’ ಅಂತ ಸೌಮ್ಯವಾಗಿ ಒಂದು ಮೆಸೇಜ್ ಹಾಕಿ ನೋಡಿ. ಸಿಟ್ಟಲ್ಲಿರುವ ಮನುಷ್ಯ ಕೆಲವು ಸಲ ಸತ್ಯ ಬರೆದುಬಿಡುತ್ತಾನೆ.

ನೋಟಿಸ್ ಕಡ್ಡಾಯ ಅಲ್ಲ, ಆದರೂ ಕಳಿಸಿ. ಹದಿನೈದು ದಿನದ ಗಡುವು ಸಾಕು. ತಲುಪಿದ ದಾಖಲೆ ಸಿಗುವ ಹಾಗೆ ಅಂಚೆಯಲ್ಲಿ ಹೋಗಲಿ. ಬೋರ್ಡ್ ಮೇಲಿನ ಹೆಸರಿಗಲ್ಲ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಜೊತೆಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿ. ಕೆಲವರು ಅಲ್ಲಿಗೇ ಮಾತುಕತೆಗೆ ಬರುತ್ತಾರೆ.

ಬರದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲೇ ಕೇಸು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯ ಅಲ್ಲ, ಮೇಷ್ಟ್ರಿಗೆ ಬರೆಯಲು ಬರುತ್ತದೆ, ಮಾತಾಡಲೂ ಬರುತ್ತದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದ ಒಳಗೆ ಹಾಕಬೇಕು. ಎದುರಾಳಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನು ಹೇಳುತ್ತದೆ. ಕಾನೂನು ಹೇಳಿದಷ್ಟು ಬೇಗ ಮುಗಿಯುತ್ತದೆ ಅಂತ ಮಾತ್ರ ನಾನು ಹೇಳಲಾರೆ.

ಕೇಳುವಾಗ ಒಂದೇ ಬೇಡಿಕೆ ಇಡಬೇಡಿ. ಮೊದಲ ಬೇಡಿಕೆ, ಗಾಡಿ ವಾಪಸ್ ತಗೊಂಡು ಪೂರ್ತಿ ಹಣ ಬಡ್ಡಿ ಸಮೇತ ಕೊಡಿಸಿ. ಅದು ಆಗದಿದ್ದರೆ ರಿಪೇರಿ ಖರ್ಚು ಮತ್ತು 62 ಸಾವಿರದ ಗಾಡಿಗೂ ಲಕ್ಷ ದಾಟಿದ ಗಾಡಿಗೂ ಬೆಲೆಯಲ್ಲಿರುವ ವ್ಯತ್ಯಾಸ ಕೊಡಿಸಿ. ಹಳೇ ಕಾರಿನ ಕೇಸಿನಲ್ಲಿ ಎರಡನೆಯದು ಸಿಗುವ ಸಾಧ್ಯತೆಯೇ ಜಾಸ್ತಿ ಅಂತ ನನ್ನ ಅನಿಸಿಕೆ. ಆದೇಶ ಬಂದ ಮೇಲೂ ಡೀಲರ್ ಕೊಡದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25 ಸಾವಿರ ದಂಡ, ಕೆಲವು ಸಲ ಎರಡೂ.

ಮಧ್ಯದಲ್ಲಿ ಡೀಲರ್ ರಾಜಿಗೆ ಬಂದರೆ ಹೋಗಿ. ಆದರೆ ಹಣ ಮೊದಲು ಬ್ಯಾಂಕ್ ಖಾತೆಗೆ ಬರಲಿ. ಸಾಲ ತೀರಿಸಿ, ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ತಗೊಂಡು, ಆರ್‌ಸಿ ಅವರ ಹೆಸರಿಗೆ ಹೋಗುವಂತೆ ಫಾರಂ ಸಹಿ ಆದ ಮೇಲೆ ಕೀ ಕೊಡಿ. ಕೊಟ್ಟ ದಿನಾಂಕ, ಗಂಟೆ ಬರೆಸಿಕೊಳ್ಳಿ.

ಪ್ರಶ್ನೆ: ಆನ್‌ಲೈನ್ ಜಾಹೀರಾತು ನೋಡಿ ಶಿರಾದ ಒಬ್ಬ ಖಾಸಗಿ ವ್ಯಕ್ತಿಯಿಂದ ಕಾರು ತಗೊಂಡೆ. ಗೇರ್‌ಬಾಕ್ಸ್ ಕೆಟ್ಟಿದೆ. ಗ್ರಾಹಕ ಆಯೋಗಕ್ಕೆ ಹೋಗಬಹುದಾ? (ಓದುಗರು, ಮಧುಗಿರಿ)

ಉತ್ತರ: ಆಗುವುದಿಲ್ಲ. ಅವರು ಕಾರು ವ್ಯಾಪಾರಿ ಅಲ್ಲ, ಮನೆಯ ಗಾಡಿ ಮಾರಿದ್ದಾರೆ. ನಿಮ್ಮ ದಾರಿ ಸಿವಿಲ್ ಕೋರ್ಟು. ಅಲ್ಲೂ ಬೇಕಾದದ್ದು ಅದೇ: ಅವರು ಏನು ಹೇಳಿದ್ದರು, ಅದು ಸುಳ್ಳು ಅನ್ನಲು ಏನು ಆಧಾರ. ಆದರೆ ಒಂದು ಮಾತು. ಆ ‘ಖಾಸಗಿ ವ್ಯಕ್ತಿ’ಯ ನಂಬರಿನಲ್ಲಿ ಬೇರೆ ಗಾಡಿಗಳ ಜಾಹೀರಾತೂ ಇವೆಯಾ ನೋಡಿ. ಇದ್ದರೆ ಅವರು ಮನೆಯಲ್ಲೇ ಕೂತು ವ್ಯಾಪಾರ ಮಾಡುತ್ತಿದ್ದಾರೆ ಅಂತ ವಾದ ಮಾಡಬಹುದು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಡೀಲರ್‌ಗೆ 20 ಸಾವಿರ ಟೋಕನ್ ಕೊಟ್ಟೆ. ನನ್ನ ಸಾಲ ಮಂಜೂರಾಗಲಿಲ್ಲ. ಟೋಕನ್ ಕೊಡಲ್ಲ ಅಂತಾರೆ. ಕೇಸಿಗೆ ಬೆಂಗಳೂರಿಗೆ ಅಲೆಯಬೇಕಾ? (ಓದುಗರು, ತಿಪಟೂರು)

ಉತ್ತರ: ಅಲೆಯಬೇಕಿಲ್ಲ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಅಂದರೆ ತುಮಕೂರಿನಲ್ಲಿ. ಹಣ ವಾಪಸ್ ಬರುತ್ತದಾ ಅನ್ನುವುದು ರಸೀದಿಯ ಮೇಲೆ ನಿಂತಿದೆ. ‘ಸಾಲ ಆಗದಿದ್ದರೆ ವಾಪಸ್’ ಅಂತ ಬರೆದಿದ್ದರೆ ಬರಲೇಬೇಕು. ಏನೂ ಬರೆಯದೇ ಇದ್ದರೂ ಕೇಳಿ: ಆ ಗಾಡಿ ಆಮೇಲೆ ಬೇರೆಯವರಿಗೆ ಮಾರಿದ್ದೀರಾ, ಎಷ್ಟಕ್ಕೆ, ನಿಮಗೆ ನಷ್ಟ ಏನಾಯಿತು? ನಷ್ಟ ತೋರಿಸಲಾಗದವರು ಪೂರ್ತಿ 20 ಸಾವಿರ ನುಂಗಿಕೊಳ್ಳುವುದನ್ನು ಆಯೋಗದ ಮುಂದೆ ಪ್ರಶ್ನಿಸಬಹುದು. ಸುಮ್ನೆ ಮನಸ್ಸು ಬದಲಾಯಿತು ಅನ್ನುವುದಾದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ನಿಮ್ಮ ಹತ್ತಿರ ಬ್ಯಾಂಕಿನವರ ನಿರಾಕರಣೆ ಪತ್ರ ಇದ್ದರೆ ಅದರ ಪ್ರತಿಯನ್ನು ನೋಟಿಸಿಗೆ ಲಗತ್ತಿಸಿ.