ವಿಜಯಪುರದಿಂದ ಯುಕೆ ಅಥವಾ ದುಬೈಗೆ ರೇಡಿಯೋಗ್ರಾಫರ್ ಕೆಲಸ: ಏಜೆಂಟ್ ಕೇಳುವ 2.5 ಲಕ್ಷ ಕೊಡಬೇಕೆ?

ಕೊಡಬೇಡಿ. ನೀವು ಬರೆದಿರುವಂತೆ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಓದಿದ್ದೀರಿ, ವಿಜಯಪುರದ ಸ್ಕ್ಯಾನ್ ಸೆಂಟರಿನಲ್ಲಿ 3 ವರ್ಷ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಕೆಲಸ ಮಾಡಿದ್ದೀರಿ. ಇನ್ನು ನಿಮಗೆ ಬೇಕಾಗಿರುವುದು ಆ ದೇಶದ ವೃತ್ತಿ ನೋಂದಣಿ, ಏಜೆಂಟ್ ಅಲ್ಲ. ನೋಂದಣಿಯನ್ನು ನಿಮ್ಮ ಹೆಸರಿನಲ್ಲಿ ನೀವೇ ಮಾಡಿಸಬೇಕು. ಯುಕೆಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೆಲಸ ಕೊಡಿಸಲು ಏಜೆನ್ಸಿ ಅಭ್ಯರ್ಥಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಗಲ್ಫ್‌ಗೆ ಕಳಿಸುವ ಲೈಸೆನ್ಸ್ ಇರುವ ಏಜೆಂಟ್ ಕೂಡ ಸೇವಾಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮೀರಿ ಕೇಳುವ ಹಾಗಿಲ್ಲ. ಲೈಸೆನ್ಸ್ ಇದೆಯೋ ಇಲ್ಲವೋ ಎಂಬುದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ.

ಅರ್ಜಿ ತೆರೆಯುವ ಮೊದಲು ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಅನುಭವ ಪತ್ರ ನಾಲ್ಕನ್ನೂ ಒಂದೇ ಟೇಬಲ್ ಮೇಲೆ ಸಾಲಾಗಿ ಇಟ್ಟು ನೋಡಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಒಂದು ಕಾಗದದಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಅಡ್ಡಹೆಸರು ಮೊದಲು. ವಿದೇಶದಲ್ಲಿ ಕುಳಿತು ಪರಿಶೀಲಿಸುವವರಿಗೆ ಇದು ಒಬ್ಬರೇ ಅಂತ ಹೊಳೆಯುವುದಿಲ್ಲ, ಫೈಲ್ ಅಲ್ಲೇ ನಿಲ್ಲುತ್ತದೆ. ಎಲ್ಲವೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿಟ್ಟುಕೊಳ್ಳಿ. ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆಯ ಕಾಗದದಲ್ಲಿ ಒಂದು, ಹೊಸದರಲ್ಲಿ ಒಂದು ಇದ್ದರೆ ಅರ್ಜಿಯ ಜೊತೆಯ ಪತ್ರದಲ್ಲಿ ಒಂದು ಸಾಲು ವಿವರಣೆ ಬರೆಯಿರಿ.

ಯುಕೆಯಲ್ಲಿ ರೇಡಿಯೋಗ್ರಾಫರ್ ಎಂಬ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ಎಚ್‌ಸಿಪಿಸಿ, ಅಂದರೆ ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್, ಪಟ್ಟಿಯಲ್ಲಿ ಇಲ್ಲದವರು ಆ ಹೆಸರು ಹೇಳಿಕೊಂಡು ಕೆಲಸ ಮಾಡುವಂತಿಲ್ಲ. ಅವರ ಅಂತಾರಾಷ್ಟ್ರೀಯ ಅರ್ಜಿಯಲ್ಲಿ ನಿಜವಾಗಿ ತೂಗುವುದು ನಿಮ್ಮ ಕೋರ್ಸಿನ ವಿವರ. ಯಾವ ವಿಷಯ ಎಷ್ಟು ಗಂಟೆ ಓದಿದ್ದೀರಿ, ಯಾವ ವಿಭಾಗದಲ್ಲಿ ಎಷ್ಟು ಗಂಟೆ ಕ್ಲಿನಿಕಲ್ ಪೋಸ್ಟಿಂಗ್, ಯಾರ ಮೇಲ್ವಿಚಾರಣೆ, ಪರೀಕ್ಷೆ ಹೇಗೆ ನಡೆಯಿತು ಎಂಬುದನ್ನು ತಮ್ಮ ಪ್ರಾವೀಣ್ಯದ ಮಾನದಂಡಗಳ ಪಕ್ಕ ಇಟ್ಟು ನೋಡುತ್ತಾರೆ. ಅಂಕಪಟ್ಟಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಸಿಲೆಬಸ್ ವಿಶ್ವವಿದ್ಯಾಲಯದಿಂದ ಸಿಗುತ್ತದೆ, ಪೋಸ್ಟಿಂಗ್ ಗಂಟೆಗಳ ಲೆಕ್ಕ ಕಾಲೇಜಿನವರೇ ಕೊಡಬೇಕು. ರಾಜೀವ್ ಗಾಂಧಿ ವಿವಿಗೆ ಸೇರಿದ ಕಾಲೇಜಾದರೆ ಬೆಂಗಳೂರಿಗೂ ಓಡಾಟ ಇದ್ದದ್ದೇ; ಬಿಎಲ್‌ಡಿಇ ಅಥವಾ ಕೆಎಲ್‌ಇಯಂಥ ಡೀಮ್ಡ್ ವಿವಿಯಾದರೆ ಎರಡೂ ಕೆಲಸ ಕಾಲೇಜಿನ ಊರಲ್ಲೇ ಮುಗಿಯುತ್ತವೆ. ನಿಮ್ಮ ಹಳೆಯ ಲಾಗ್‌ಬುಕ್ ಇದ್ದರೆ ಹುಡುಕಿ ಹಿಡಿದುಕೊಂಡು ಹೋಗಿ ವಿಭಾಗದ ಮುಖ್ಯಸ್ಥರ ಎದುರು ಕುಳಿತುಕೊಳ್ಳಿ. ‘ಆರು ತಿಂಗಳು ರೇಡಿಯಾಲಜಿ’ ಎಂಬ ಒಂದೇ ಸಾಲು ಬರೆಸಿಕೊಂಡು ಬಂದರೆ ಕೆಲಸಕ್ಕೆ ಬಾರದು. ಕ್ಯಾಷುವಲ್ಟಿ, ಪೋರ್ಟಬಲ್, ಓಟಿಯಲ್ಲಿ ಸಿ-ಆರ್ಮ್, ಮಕ್ಕಳ ಎಕ್ಸ್‌ರೇ, ಸಿಟಿ, ಎಲ್ಲ ಬೇರೆ ಬೇರೆಯಾಗಿ ಬರಬೇಕು. ಕೋರ್ಸಿನಲ್ಲಿ ಕೊರತೆ ಕಂಡ ಕಡೆ ಅವರು ಕೆಲಸದ ಅನುಭವವನ್ನೂ ನೋಡುತ್ತಾರೆ, ಹಾಗಾಗಿ ನಿಮ್ಮ 3 ವರ್ಷವನ್ನೂ ಇದೇ ರೀತಿ ಬಿಡಿಸಿ ಬರೆಯಿರಿ.

ಇಂಗ್ಲಿಷ್ ಪರೀಕ್ಷೆಯಲ್ಲಿ ಎಚ್‌ಸಿಪಿಸಿಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಒಟ್ಟು 7 ಬೇಕು, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಬುಕ್ ಮಾಡುವಾಗ ‘ಯುಕೆವಿಐ ಅಕಾಡೆಮಿಕ್’ ಅನ್ನೇ ಆರಿಸಿ. ಪ್ರಶ್ನೆಪತ್ರಿಕೆ ಅದೇ ರೀತಿಯದು, ಆದರೆ ವೀಸಾಗೆ ಒಪ್ಪುವುದು ಯುಕೆವಿಐ ಎಂದು ನಮೂದಾಗಿರುವುದನ್ನು. ಸಾದಾ ಪರೀಕ್ಷೆ ಬರೆದು, ಆಮೇಲೆ ವೀಸಾ ಸಲುವಾಗಿ ಮತ್ತೊಮ್ಮೆ ದುಡ್ಡು ಕಟ್ಟಿದವರು ಬಹಳ ಜನ.

ಎನ್‌ಎಚ್‌ಎಸ್ ಜಾಬ್ಸ್ ಜಾಲತಾಣದಲ್ಲಿ ಬ್ಯಾಂಡ್ 5 (ಆರಂಭದ ವೇತನ ದರ್ಜೆ) ಡಯಾಗ್ನೋಸ್ಟಿಕ್ ರೇಡಿಯೋಗ್ರಾಫರ್ ಅಂತ ಹುಡುಕಿ. ಪ್ರತಿ ಹುದ್ದೆಗೂ ‘ಪರ್ಸನ್ ಸ್ಪೆಸಿಫಿಕೇಷನ್’ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಕಡ್ಡಾಯ ಎಂದಿರುವ ಒಂದೊಂದು ಅಂಶಕ್ಕೂ ನೀವು ಮಾಡಿದ ಕೆಲಸದ ಉದಾಹರಣೆ ಕೊಡಬೇಕು. ಒಂದೇ ಬಯೋಡೇಟಾವನ್ನು ಐವತ್ತು ಕಡೆ ಹಾಕಿದರೆ ಐವತ್ತು ಕಡೆಯೂ ತಿರಸ್ಕಾರವಾಗುತ್ತದೆ.

ನಮ್ಮವರು ಸಂದರ್ಶನದಲ್ಲಿ ಎಡವುವುದು ಕೈಚಳಕದಲ್ಲಲ್ಲ. ‘ಡಾಕ್ಟರ್ ಬರೆದಿದ್ದಾರೆ, ತೆಗೆದುಕೊಟ್ಟೆ’ ಎಂಬ ಉತ್ತರದಲ್ಲಿ. ರೋಗಿಗಳ ಮೇಲೆ ವಿಕಿರಣ ಬಳಸುವ ಬಗ್ಗೆ ಅಲ್ಲಿರುವ 2017ರ ಐಆರ್‌ಎಂಇಆರ್ ನಿಯಮದ ಪ್ರಕಾರ ಪ್ರತಿ ಎಕ್ಸ್‌ಪೋಷರ್‌ಗೂ ಸಮರ್ಥನೆ ಬೇಕು, ಬಟನ್ ಒತ್ತುವವರಿಗೂ ಕಾನೂನಿನ ಹೊಣೆ ಇದೆ. ಚೀಟಿಯಲ್ಲಿ ಕಾರಣ ಸರಿಯಿಲ್ಲದಿದ್ದರೆ ನಿಲ್ಲಿಸಿ ಕೇಳಬೇಕು. ರೋಗಿಯ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ವಿಳಾಸ ಮೂರನ್ನೂ ಅವರ ಬಾಯಿಂದಲೇ ಹೇಳಿಸಬೇಕು. ‘ನೀವು ಇಂಥವರಲ್ಲವಾ?’ ಎಂದು ಕೇಳಿದರೆ ಕಿವಿ ಸರಿಯಾಗಿ ಕೇಳದ ಅಜ್ಜ ಹೂಂ ಅಂದುಬಿಡುತ್ತಾನೆ, ತಪ್ಪು ರೋಗಿಗೆ ಎಕ್ಸ್‌ರೇ ಆಗುತ್ತದೆ. ತಾಂತ್ರಿಕ ಪ್ರಶ್ನೆಗಳಲ್ಲೂ ‘ಯಾಕೆ’ ಎಂಬುದೇ ಮುಖ್ಯ. ಬಿದ್ದು ಮೊಣಕಾಲು ಬಾತು ಬಂದವರಿಗೆ ಲ್ಯಾಟರಲ್, ಅಂದರೆ ಪಕ್ಕದಿಂದ ನೋಡುವ ಎಕ್ಸ್‌ರೇ, ತೆಗೆಯಲು ಮಗ್ಗುಲಿಗೆ ಹೊರಳಿಸುವುದು ನಮ್ಮಲ್ಲಿ ರೂಢಿ. ಅಲ್ಲಿ ಅಂಗಾತ ಮಲಗಿದ್ದ ಹಾಗೆಯೇ ಟ್ಯೂಬ್ ಅಡ್ಡ ತಿರುಗಿಸಿ, ಹಾರಿಜಾಂಟಲ್ ಬೀಮ್‌ನಲ್ಲಿ ತೆಗೆಯುತ್ತೇನೆ ಅಂತ ಹೇಳಬೇಕು. ಕೀಲಿನೊಳಗೆ ಮೂಳೆ ಒಡೆದಿದ್ದರೆ ಮಜ್ಜೆಯ ಕೊಬ್ಬು ರಕ್ತದ ಮೇಲೆ ತೇಲಿ, ನೀರಿನ ಮೇಲೆ ಎಣ್ಣೆ ನಿಂತ ಹಾಗೆ ಒಂದು ನೇರ ಗೆರೆ ಮೂಡುತ್ತದೆ. ಹೊರಳಿಸಿ ಮೇಲಿಂದ ತೆಗೆದರೆ ಆ ಗೆರೆ ಕಾಣುವುದೇ ಇಲ್ಲ.

ದುಬೈ ದಾರಿ ಬೇರೆ. ಕೆಲಸದ ಲೈಸೆನ್ಸ್ ಕೊಡುವುದು ದುಬೈಗೆ ಡಿಎಚ್‌ಎ (ದುಬೈ ಆರೋಗ್ಯ ಪ್ರಾಧಿಕಾರ), ಅಬುಧಾಬಿಗೆ ಡಿಒಎಚ್ (ಅಲ್ಲಿಯ ಆರೋಗ್ಯ ಇಲಾಖೆ). ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ಡಿಗ್ರಿ ಮತ್ತು ಅನುಭವವನ್ನು ಕೊಟ್ಟವರ ಬಳಿಯೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತದೆ. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಪಾಸಾದರೆ ಅರ್ಹತಾ ಪತ್ರ. ಸ್ಕ್ಯಾನ್ ಸೆಂಟರಿನವರಿಗೆ ತೊಂದರೆ ಆಗುವುದು ಖಾತ್ರಿಯ ಹಂತದಲ್ಲೇ. ಮೇಲ್ ಬಂದಿರುತ್ತದೆ, ನೋಡುವವರು ಇರುವುದಿಲ್ಲ. ವಾರಗಳ ಮೇಲೆ ವಾರ ಹೋಗಿ ‘ಖಾತ್ರಿಪಡಿಸಲಾಗಲಿಲ್ಲ’ ಎಂದು ಬರುತ್ತದೆ. ಅರ್ಜಿ ಹಾಕುವ ದಿನವೇ ನಿಮ್ಮ ಸೆಂಟರಿನ ಡಾಕ್ಟರಿಗೆ ಹೇಳಿಡಿ. ಅನುಭವ ಪತ್ರ ಲೆಟರ್‌ಹೆಡ್ ಮೇಲೆ ಇರಲಿ. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆಯ ಹೆಸರು, ಸಹಿ ಮಾಡಿದವರ ಫೋನ್ ಸ್ಪಷ್ಟವಾಗಿ ಇರಲಿ. ಸಂಬಳ ಕೈಗೆ ನಗದಾಗಿ ಕೊಡುವ ಕಡೆಯಾದರೆ ಬ್ಯಾಂಕ್ ದಾಖಲೆ ಇರುವುದಿಲ್ಲ, ಹಾಗಾಗಿ ನಿಮ್ಮ ಟಿಎಲ್‌ಡಿ ಬ್ಯಾಡ್ಜಿನ (ಮೈಗೆ ತಾಗಿದ ವಿಕಿರಣ ಅಳೆಯುವ ಬ್ಯಾಡ್ಜ್) ಮೂರು ತಿಂಗಳಿಗೊಮ್ಮೆ ಬರುವ ಡೋಸ್ ರಿಪೋರ್ಟುಗಳ ಪ್ರತಿಯನ್ನು ಜೋಪಾನ ಮಾಡಿ. ನಿಮ್ಮ ಹೆಸರು, ಸಂಸ್ಥೆ, ಅವಧಿ ಮೂರೂ ಅದರಲ್ಲಿವೆ. ಅನುಭವ ಒಂದು ವರ್ಷ ಹೆಚ್ಚು ಮಾಡಿ ಬರೆಸಿಕೊಡುತ್ತೇವೆ ಅನ್ನುವವರ ಮಾತು ಕೇಳಲೇಬೇಡಿ. ಒಮ್ಮೆ ನೆಗೆಟಿವ್ ರಿಪೋರ್ಟ್ ಬಂದರೆ ಸೌದಿ, ಕತಾರ್‌ಗೆ ಹಾಕುವಾಗಲೂ ಕಾಡುತ್ತದೆ.

ಡಿಗ್ರಿಯ ಅಟೆಸ್ಟೇಷನ್ (ದೃಢೀಕರಣ) ಯುಎಇಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಅವರ ರಾಯಭಾರ ಕಚೇರಿ ಎಂಬ ಸರದಿಯಲ್ಲೇ ಆಗಬೇಕು. ಯುಕೆಗಾದರೆ ಆಸ್ಪತ್ರೆಯವರು ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಟ್ಟ ಮೇಲೆ ಹೆಲ್ತ್ ಆ್ಯಂಡ್ ಕೇರ್ ವರ್ಕರ್ ವೀಸಾ, ಅದಕ್ಕೆ ಯುಕೆ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಟಿಬಿ ಪರೀಕ್ಷೆ. ಅದರ ಸರ್ಟಿಫಿಕೇಟ್ 6 ತಿಂಗಳು ಮಾತ್ರ ನಡೆಯುತ್ತದೆ, ಆಫರ್ ಕೈಗೆ ಬರುವ ತನಕ ಆ ಪರೀಕ್ಷೆಗೆಂದು ಬೆಂಗಳೂರು ಬಸ್ ಹತ್ತಬೇಡಿ.