ಗುಣಮಟ್ಟ ನಿಯಂತ್ರಣ ಲ್ಯಾಬಿಗೆ ಹೊಸ ಎಚ್‌ಪಿಎಲ್‌ಸಿ (ದ್ರವ ಸ್ಯಾಂಪಲ್‌ನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಕೊಳ್ಳುವಾಗ ಮೊದಲು ಏನನ್ನು ನೋಡಬೇಕು?

ನಿಮ್ಮಲ್ಲಿ ಈಗಾಗಲೇ ಮಾನ್ಯವಾಗಿರುವ ವಿಧಾನಗಳು ಹೊಸ ಯಂತ್ರದಲ್ಲೂ ಹಾಗೆಯೇ ನಡೆಯುತ್ತವೆಯೇ ಎಂಬುದನ್ನು. ಕ್ಯೂಸಿ ಲ್ಯಾಬಿನಲ್ಲಿ ಹೊಸ ವಿಧಾನ ಹುಡುಕುವುದು ಕಡಿಮೆ. ಅದೇ ಪರೀಕ್ಷೆಯನ್ನು ವರ್ಷಗಟ್ಟಲೆ ಒಂದೇ ಥರ ಮಾಡುವುದೇ ಹೆಚ್ಚು.

ಇಲ್ಲಿ ಬಹಳ ಜನ ಎಡವುವುದು ‘ಡ್ವೆಲ್ ವಾಲ್ಯೂಮ್’ ವಿಷಯದಲ್ಲಿ. ದ್ರಾವಕಗಳು ಬೆರೆಯುವ ಜಾಗದಿಂದ ಕಾಲಮ್ಮಿನ (ಘಟಕಗಳನ್ನು ಬೇರ್ಪಡಿಸುವ, ಸಣ್ಣ ಕಣಗಳು ತುಂಬಿದ ನಳಿಕೆ) ಬಾಯಿಯವರೆಗೆ ಕೊಳವೆ, ಮಿಕ್ಸರ್‌ಗಳಲ್ಲಿ ತುಂಬಿಕೊಂಡಿರುವ ದ್ರವದ ಪ್ರಮಾಣ ಅದು. ಗ್ರೇಡಿಯಂಟ್ ವಿಧಾನದಲ್ಲಿ, ಅಂದರೆ ದ್ರಾವಕಗಳ ಪಾಲನ್ನು ನಡುವೆ ಬದಲಿಸುತ್ತ ಹೋಗುವಾಗ, ಆ ಬದಲಾವಣೆ ಈ ಜಾಗವನ್ನು ದಾಟಿಯೇ ಕಾಲಮ್ ಮುಟ್ಟಬೇಕು. ಹಳೆಯದರಲ್ಲಿ ಇದು 1.2 ಮಿಲಿಲೀಟರ್, ಹೊಸದರಲ್ಲಿ 0.4 ಇದೆ ಎನ್ನಿ. ನಿಮಿಷಕ್ಕೆ 1 ಮಿಲಿಲೀಟರ್ ಹರಿವಿನಲ್ಲಿ ಬದಲಾವಣೆ 0.8 ನಿಮಿಷ ಮೊದಲೇ ಬಂದುಬಿಡುತ್ತದೆ. ಪೀಕ್‌ಗಳು (ಗ್ರಾಫಿನಲ್ಲಿ ಒಂದೊಂದು ಘಟಕವನ್ನು ತೋರಿಸುವ ಏರುಗಳು) ಜರುಗುತ್ತವೆ, ಅಕ್ಕಪಕ್ಕದ ಎರಡು ಕಲ್ಮಶಗಳು ಒಂದರ ಮೇಲೊಂದು ಬೀಳಲೂಬಹುದು. ಮಿಶ್ರಣ ಕೊನೆಯವರೆಗೂ ಒಂದೇ ಇರುವ ಐಸೊಕ್ರ್ಯಾಟಿಕ್ ವಿಧಾನಗಳಿಗೆ ಈ ಕಾಟವಿಲ್ಲ.

ಹಾಗಾಗಿ ನಿಮ್ಮ ಅತಿ ಕಷ್ಟದ ಗ್ರೇಡಿಯಂಟ್ ವಿಧಾನವನ್ನು, ನಿಮ್ಮದೇ ಕಾಲಮ್ ಮತ್ತು ಸ್ಯಾಂಪಲ್ ಕೊಟ್ಟು, ಆ ಯಂತ್ರದಲ್ಲೇ ಮಾಡಿ ತೋರಿಸಲು ಹೇಳಿ. ದಯವಿಟ್ಟು ಕಂಪನಿಯ ಮಾದರಿ ಕ್ರೊಮ್ಯಾಟೋಗ್ರಾಮ್ (ಪೀಕ್‌ಗಳ ಗ್ರಾಫ್) ನೋಡಿ ನಿರ್ಧರಿಸಬೇಡಿ.

5 ಮೈಕ್ರಾನ್ ಕಣದ ಕಾಲಮ್‌ಗಳನ್ನೇ ಬಳಸುವವರಿಗೆ 1000 ಬಾರ್ ಪಂಪು ಬೇಕಾಗಿಲ್ಲ. 2 ಮೈಕ್ರಾನಿಗಿಂತ ಸಣ್ಣ ಕಣಕ್ಕೆ ಹೋಗುವ ಯೋಚನೆಯಿದ್ದರೆ ಅದರ ಮಾತು. ಸಾಫ್ಟ್‌ವೇರಿನಲ್ಲಿ ಮಾತ್ರ ರಾಜಿ ಬೇಡ: ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಆಡಿಟ್ ಟ್ರೇಲ್ ಅಳಿಸಲಾಗದಂತಿರಬೇಕು.