ಕಾರವಾರವೋ, ಮಂಗಳೂರೋ?

ಪ್ರಶ್ನೆ: ನಮ್ಮದು ಶಿರಸಿ. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗಾವಣೆ ಆಗಲಿಕ್ಕಿದೆ. ಕಾರವಾರ ಅಥವಾ ಮಂಗಳೂರು ಕೇಳಿಕೊಳ್ಳಬಹುದು. ಮಗಳು ಒಂಬತ್ತನೇ ಕ್ಲಾಸು. ಅತ್ತೆಗೆ 74 ವರ್ಷ, ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಗಲಾಟೆ ಇಲ್ಲದ ಊರು ಅಂತ ಅವರಿಗೆ ಕಾರವಾರವೇ ಇಷ್ಟ. ನೀವು ಎರಡೂ ಕಡೆ ಇದ್ದವರು. ಎಲ್ಲಿ ಮನೆ ಮಾಡಿದರೆ ಒಳ್ಳೆಯದು?
- ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಅತ್ತೆಯವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಹುಟ್ಟಿದ್ದು ಕಾರವಾರದ ಕೋಡಿಬಾಗದಲ್ಲಿ. ಮಂಗಳೂರಿನ ಬಿಜೈಯಲ್ಲಿ ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು ಮತ್ತೆ ಊರಿಗೇ ಬಂದವಳು.

ದಿನನಿತ್ಯದ ಬದುಕಿಗೆ ಕಾರವಾರದಷ್ಟು ಹಿತವಾದ ಊರು ನಾನು ನೋಡಿಲ್ಲ. ಆಫೀಸು ಬಿಟ್ಟ ಹದಿನೈದು ನಿಮಿಷಕ್ಕೆ ಮನೆ. ಚಹಾ ಕುಡಿದು ಟಾಗೋರ್ ಕಡಲತೀರಕ್ಕೆ ನಡೆದುಕೊಂಡೇ ಹೋಗಿ ಬರಬಹುದು. ಭಾನುವಾರದ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ತಾಜಾ ತರಕಾರಿ ಬರುತ್ತದೆ. ದೇವಿಮನೆ ಘಟ್ಟ ಹತ್ತಿದರೆ ನಿಮ್ಮ ಶಿರಸಿ, ಮಾರಿಕಾಂಬಾ ಜಾತ್ರೆಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಮಂಗಳೂರಿನಲ್ಲಿ ಬಾಡಿಗೆ ಜಾಸ್ತಿ, ಹಂಪನಕಟ್ಟೆಯ ವಾಹನಗಳ ನಡುವೆ ರಸ್ತೆ ದಾಟುವುದು ವಯಸ್ಸಾದವರಿಗೆ ನಿಜವಾಗಿ ಕಷ್ಟ. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದರೆ ನಲ್ಲಿಗೂ ಸರದಿ ಬರುತ್ತದೆ. 2019ರಲ್ಲೂ 2023ರಲ್ಲೂ ಹಾಗೇ ಆಯಿತು. ಸೆಕೆ, ಮಳೆ ಎರಡೂ ಕಡೆ ಒಂದೇ.

ಇಷ್ಟಾದರೂ ನಿಮಗೆ ನಾನು ಹೇಳುವುದು ಮಂಗಳೂರು ಅಂತಲೇ. ಕಾರಣ ಸ್ಟೆಂಟ್.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಜ್ವರ, ಹೆರಿಗೆ, ಸಣ್ಣ ಆಪರೇಷನ್ನಿಗೆ ಊರು ಬಿಡಬೇಕಾಗಿಲ್ಲ. ಹೃದಯ, ಮೆದುಳು ಅಂತ ಬಂದಾಗ ಮಾತ್ರ ನಮ್ಮ ಜನ ಇವತ್ತಿಗೂ ಮಣಿಪಾಲಕ್ಕೋ ಮಂಗಳೂರಿಗೋ ಗೋವಾದ ಬಾಂಬೋಳಿಗೋ ಓಡುತ್ತಾರೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಅಷ್ಟು ಜನ ದನಿ ಎತ್ತಿದ್ದು ಸುಮ್ನೆ ಅಲ್ಲ. ಆರು ವರ್ಷದ ಹಿಂದೆ ಒಂದು ಮಳೆಗಾಲದ ರಾತ್ರಿ ನಮ್ಮ ಅಪ್ಪನಿಗೆ ಎದೆನೋವು ಬಂತು. ಮೊದಲ ಚಿಕಿತ್ಸೆ ಕೊಟ್ಟು ಮುಂದೆ ಕರೆದುಕೊಂಡು ಹೋಗಿ ಅಂದರು. ಮಣಿಪಾಲ 200 ಕಿ.ಮೀ.ಗಿಂತ ಜಾಸ್ತಿ. ಹೊನ್ನಾವರದ ಸೇತುವೆ ಮೇಲೆ ಅಪ್ಪ ನನ್ನ ಕೈ ಹಿಡಿದುಕೊಂಡು, ಇನ್ನೂ ಎಷ್ಟು ದೂರ ಮಗಾ ಅಂತ ಕೇಳಿದರು. ಅರ್ಧ ದಾರಿಯೂ ಆಗಿರಲಿಲ್ಲ. ಬಂತು ಅಪ್ಪಾ ಅಂತ ಸುಳ್ಳು ಹೇಳಿದೆ. ಅಪ್ಪ ಉಳಿದರು, ಆದರೆ ಆ ದಾರಿ ನಾನು ಮರೆತಿಲ್ಲ. ಆ ರಸ್ತೆಯೂ ಯಾವಾಗಲೂ ತೆರೆದಿರುತ್ತದೆ ಅಂತಿಲ್ಲ, 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು, ಮುಂದಿನ ತಿಂಗಳು ಗೋವಾ ಕಡೆಗೆ ಹೋಗುವ ಕಾಳಿ ನದಿಯ ಹಳೆ ಸೇತುವೆ ನಡುರಾತ್ರಿ ಮುರಿದು ಬಿತ್ತು. ಬಿಜೈಯಿಂದಾದರೆ ಹೃದಯ ನೋಡುವ ಆಸ್ಪತ್ರೆಗೆ ಆಟೋದಲ್ಲಿ ಹತ್ತೇ ನಿಮಿಷ.

ಮಗಳ ವಿಷಯಕ್ಕೆ ಚಿಂತೆ ಬೇಡ. ಕಾರವಾರದಲ್ಲೂ ಮೆಡಿಕಲ್, ಎಂಜಿನಿಯರಿಂಗ್ ಎರಡೂ ಇವೆ. ಆದರೂ ಪಿಯುಸಿಗೆ ಕಾಲೇಜು ಆರಿಸುವಾಗ ಮಂಗಳೂರಿನಲ್ಲಿ ಆಯ್ಕೆ ಜಾಸ್ತಿ, ಸಿಟಿ ಬಸ್ಸು ಬೇಕಾದಷ್ಟು ಇರುವುದರಿಂದ ಹುಡುಗಿ ಒಬ್ಬಳೇ ಓಡಾಡಬಹುದು.

ಅತ್ತೆಯವರಿಗೆ ಬೇಜಾರಾಗುತ್ತದೆ, ಅಲ್ವಾ? ಮನೆ ಹುಡುಕುವಾಗ ಕದ್ರಿ ಪಾರ್ಕಿನ ಸುತ್ತಮುತ್ತ ನೋಡಿ. ಸಂಜೆ ನಾಲ್ಕು ಹೆಜ್ಜೆ ನಡೆಯಲು ಮರದ ನೆರಳು ಸಿಗುತ್ತದೆ. ಕಾರವಾರದ ಸಮುದ್ರ ನೋಡಬೇಕು ಅನಿಸಿದರೆ ಡಿಸೆಂಬರ್ ರಜೆಯಲ್ಲಿ ರೈಲು ಹತ್ತಿಸಿ ಕರೆದುಕೊಂಡು ಬನ್ನಿ. ಸ್ಟೇಷನ್ ಊರಿನಿಂದ ಸ್ವಲ್ಪ ದೂರ, ಶಿರವಾಡದಲ್ಲಿದೆ. ಆಟೋ ಸಿಗುತ್ತದೆ.

ಅರ್ಜಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ಮತ್ತೆ ನೋವು ಬಂದರೆ ಎಷ್ಟು ಹೊತ್ತಿನೊಳಗೆ ಆಸ್ಪತ್ರೆ ಸೇರಬೇಕು ಅಂತ ಸ್ಟೆಂಟ್ ಹಾಕಿದ ಡಾಕ್ಟರನ್ನೇ ಕೇಳಿ. ಯಜಮಾನರೂ ಅತ್ತೆಯವರೂ ಜೊತೆಗಿರಲಿ.